‘ಇತರೆ’ ಎಂಬ ಫೋಲ್ಡರು

ಬಂಕಾಪುರದ ಆ ಫೋಟೋ ಸ್ಟುಡಿಯೋದ ಕಂಪ್ಯೂಟರಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ಲಿಂಬೆಹಣ್ಣು. ಒಣಗಿ, ಕಪ್ಪಾಗಿ, ಗೋಲಿಗುಂಡಿನಂತಾಗಿತ್ತು. ಯಾವ ಅಮಾವಾಸ್ಯೆಯದೋ ಇಟ್ಟವರಿಗೇ ನೆನಪಿರಲಿಲ್ಲ. ಅದನ್ನು ಕೂಡಿಸಿದ್ದು ಬಿಸಿಗಾಳಿ ಹೊರಗೆ ಹೋಗುವ ಜಾಲರಿಯ ಮೇಲೆ. ಊದಿನಕಡ್ಡಿಯ ಬೂದಿ ಆ ಜಾಲರಿಯ ಸಂದಿಯಿಂದ ಒಳಗಿಳಿದು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡಿತ್ತು. ಫ್ಯಾನು ಬೀಡಿ ಸೇದುವ ಮುದುಕನಂತೆ ಕೆಮ್ಮುತ್ತಿತ್ತು. ದೃಷ್ಟಿ ತಾಗಬಾರದೆಂದು ಇಷ್ಟೆಲ್ಲ ಮಾಡಿದವರು, ವರ್ಷಾನುಗಟ್ಟಲೆ ತೆಗೆದ ಲಗ್ನದ ಫೋಟೋಗಳನ್ನೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಎರಡನೆಯ ಪ್ರತಿ ಎಲ್ಲಿಯೂ ಇಡದೆ ಆರಾಮಾಗಿದ್ದರು.

ಸ್ಟುಡಿಯೋದ ಮಾಲಕರು ದೊಡ್ಡ ಮನೆತನದವರು. ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಕಡೆ ಯಾವ ಗೌಡರ ಮನೆಯಲ್ಲಿ ಲಗ್ನವಾದರೂ ಕ್ಯಾಮೆರಾ ಇವರದೇ. ಡ್ರೋನ್ ಹಾರಿಸುತ್ತಾರೆ, ಮದುಮಕ್ಕಳನ್ನು ಹೊಲದಲ್ಲಿ ಓಡಾಡಿಸುತ್ತಾರೆ. ಆದರೆ ತೆಗೆದ ಚಿತ್ರ ಕೊನೆಗೆ ಎಲ್ಲಿ ಹೋಗಿ ಕೂಡುತ್ತದೆ ಎಂದು ಕೇಳಿದರೆ ‘ಕಂಪ್ಯೂಟರ್‌ನ್ಯಾಗ’ ಎನ್ನುತ್ತಾರೆ. ಜೋಳ ಎಲ್ಲಿಟ್ಟಿರಿ ಎಂದರೆ ‘ಊರಾಗ’ ಎಂದಂತೆ.

ನಾನು ಸವಣೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಳು. ಊರು ಹತ್ತಿಮತ್ತೂರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಹೊಸ್ತಿಲು ದಾಟಿಸಿ ಮೊದಲು ಒಳಗೆ ತಂದವಳು ನಾನು. ಇದನ್ನು ಹೇಳುವಾಗ ದನಿ ತಗ್ಗಿಸುವುದು ನನಗೆ ಬರುವುದಿಲ್ಲ. ಆ ಡಿಗ್ರಿಯ ಫೋಟೋ ತೆಗೆಸಲು ಅಪ್ಪ ನನ್ನನ್ನು ಇದೇ ಸ್ಟುಡಿಯೋಕ್ಕೆ ಕರೆತಂದಿದ್ದ. ಬಾಡಿಗೆಯ ಕರೀ ಗೌನು ಕೈಗೆ ಕೊಡುತ್ತ ಮಾಲಕರು ಅಪ್ಪನನ್ನು ಕೇಳಿದ್ದರು: “ಖರೇನ ಪಾಸಾಗ್ಯಾಳೋ, ಬರೇ ಫೋಟೋಕ್ಕ ಅಷ್ಟನೋ?” ಅಪ್ಪ ನಕ್ಕ. ನಾನು ನಗಲಿಲ್ಲ. ಫೋಟೋದಲ್ಲೂ ನಕ್ಕಿಲ್ಲ. ಈಗ ನನ್ನನ್ನು ಕರೆಸಿದ ಮಾಲಕರಿಗೆ ಅದು ನೆನಪಿರಲಿಲ್ಲ. ಇರುವುದಾದರೂ ಹೇಗೆ?

ದಸರೆ ಹತ್ತಿರ ಬಂದಿತ್ತು. ಅವರ ದೂರು ಇಷ್ಟೇ: ಜಾಗ ತುಂಬಿದೆ ಎಂದು ಕಂಪ್ಯೂಟರು ಹೇಳುತ್ತದೆ, ನಡುನಡುವೆ ಹಲ್ಲು ಕಡಿಯುತ್ತದೆ. ಫೋಟೋಗಳಿದ್ದ ಡಿ ಡ್ರೈವಿನ ಪಟ್ಟಿ ತುದಿಯತನಕ ಕೆಂಪಾಗಿತ್ತು. ಹಲ್ಲು ಕಡಿಯುವ ಸಪ್ಪಳ ಕೇಳಲು ಕಿವಿ ಹಚ್ಚುವುದೂ ಬೇಕಾಗಿರಲಿಲ್ಲ. ಟಕ್, ಟಕ್, ಆಮೇಲೆ ಒಂದು ನಿಟ್ಟುಸಿರು. ಡಿಸ್ಕಿನ ಆರೋಗ್ಯ ತೋರಿಸುವ ತಂತ್ರಾಂಶ ಹಾಕಿ ನೋಡಿದೆ. ಓದಲು ಬಾರದ ಜಾಗಗಳು ಸಾಲುಗಟ್ಟಿದ್ದವು. ಇದು ಜಾಗ ಸಾಲದ ರೋಗವಲ್ಲ, ಡಿಸ್ಕು ಸಾಯುತ್ತಿದೆ, ಇವತ್ತೇ ಇದರ ಮೇಲೆ ಕೆಲಸ ನಿಲ್ಲಿಸಿ ಎಂದು ಹೇಳಿದೆ. ವಿಂಡೋಸಿಗೆ ಒಂದು ಎಸ್‌ಎಸ್‌ಡಿ, ಫೋಟೋಗಳಿಗೆ ಒಂದು ದೊಡ್ಡ ಹಾರ್ಡ್ ಡಿಸ್ಕು, ಅದರದೇ ಪ್ರತಿ ಇಡಲು ಇನ್ನೊಂದು, ಹೀಗೆ ಮಾಡೋಣ ಎಂದೆ.

ಮಾಲಕರು ಗಲ್ಲೆಯ ಖಾನೆಯಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. ಅಂಗೈಯಗಲದ, ಹೊಳೆಯುವ, ಕೆಂಪು ಬಣ್ಣದ ಡಿಸ್ಕು.

“ಇದರಾಗ ಹದಿನಾರು ಟಿಬಿ ಐತಿ. ಅಳಿಯಾರು ಆನ್‌ಲೈನ್‌ನ್ಯಾಗ ತರಿಸ್ಯಾರ. ನೀ ಬರೇ ಆ ಕಡಿಂದ ಈ ಕಡಿ ಹಾಕು, ಸಾಕು.”

ಅಳಿಯಂದಿರು ಹುಬ್ಬಳ್ಳಿಯಲ್ಲಿ ಇಂಜಿನಿಯರ್ ಅಂತೆ. ಎಂಥ ಇಂಜಿನಿಯರ್ ಎಂದು ಕೇಳಿದೆ. ರಸ್ತೆಯದು ಎಂದರು. ಡಿಸ್ಕು ಕೈಗೆ ಭಾರವಾಗಿಯೇ ಇತ್ತು, ಆದರೆ ಅಲ್ಲಾಡಿಸಿದರೆ ಒಳಗೆ ಏನೋ ಉರುಳಿತು. ಆ ಅಳತೆಯ ಡಿಸ್ಕಿನಲ್ಲಿ ಅಷ್ಟು ಜಾಗ ಇರುವುದು ಸಾಧ್ಯವಿಲ್ಲ ಎಂದು ಹೇಳಿದರೆ ಮಾಲಕರು ಪೊಟ್ಟಣದ ಮೇಲಿನ ಅಂಕಿಯನ್ನು ಬೆರಳಿಟ್ಟು ತೋರಿಸಿದರು. ಅಚ್ಚಾದದ್ದೆಲ್ಲ ಸತ್ಯ ಎಂದು ನಂಬುವ ಮಂದಿ. ತಾವೇ ಅಚ್ಚು ಹಾಕುವವರಾದರೂ.

ಮಾತಿಗಿಂತ ಪರೀಕ್ಷೆ ಲೇಸು. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಫೋಟೋಗಳ ಒಂದು ದೊಡ್ಡ ರಾಶಿಯನ್ನು ಆ ಕೆಂಪು ಡಿಸ್ಕಿಗೆ ಸುರಿದೆ. ಹಸಿರು ಪಟ್ಟಿ ಯಾವ ತಕರಾರೂ ಇಲ್ಲದೆ ಕೊನೆಮುಟ್ಟಿತು. ಬಂತಲ್ಲ, ಎಂದರು ಮಾಲಕರು. ಮೊದಲಿನ ಫೋಟೋಗಳು ತೆರೆದವು. ಸ್ವಲ್ಪ ಮುಂದೆ ಹೋದರೆ ಅರ್ಧ ಚಿತ್ರ, ಅರ್ಧ ಬೂದು. ಇನ್ನೂ ಮುಂದೆ ಬರೀ ಬೂದು. ಇಂಥ ನಕಲಿ ಡಿಸ್ಕಿನ ಗುಟ್ಟು ಇದೇ: ಒಳಗೆ ಸಣ್ಣ ಜಾಗ, ಮೇಲೆ ದೊಡ್ಡ ಅಂಕಿ. ಜಾಗ ತುಂಬಿದ ಮೇಲೆ ಬಂದದ್ದನ್ನೆಲ್ಲ ‘ಹ್ಞೂಂ, ತಗೊಂಡೆ’ ಎಂದು ಗಾಳಿಗೆ ತೂರುತ್ತದೆ.

ಮಾಲಕರು ಅಳಿಯಂದಿರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ದನಿ ಬಂತು: “ಮಾವಾರ, ಆ ಹುಡುಗಿಗೆ ಫಾರ್ಮ್ಯಾಟ್ ಮಾಡಾಕ ಬರಂಗಿಲ್ಲ ಕಾಣತೈತಿ. ಯಾರರೆ ಕಲ್ತಾರನ್ನ ಕರೀರಿ.”

ನಾನು ಸ್ಕ್ರೂಡ್ರೈವರ್ ತೆಗೆದು ಕೆಂಪು ಡಿಸ್ಕಿನ ಹೊಟ್ಟೆ ಬಿಚ್ಚಿದೆ. ಒಳಗೆ ಮೊಬೈಲಿನಲ್ಲಿ ಹಾಕುವಂಥ ಉಗುರಗಲದ ಮೆಮರಿ ಕಾರ್ಡು, ಅದಕ್ಕೆ ಮೆತ್ತಿದ ಅಂಟು, ಭಾರ ಬರಲೆಂದು ಇಟ್ಟ ಒಂದು ಕಬ್ಬಿಣದ ನಟ್ಟು.

“ಸರ್,” ಎಂದೆ ಫೋನಿಗೆ, “ನಿಮ್ಮ ಡಿಸ್ಕಿನ್ಯಾಗ ಒಂದು ನಟ್ ಐತ್ರಿ. ಅದು ನಿಮ್ಮ ಲೈನಿಂದು. ನನಗ ತಿಳಿಯಂಗಿಲ್ಲ.”

ಫೋನು ಕಟ್ಟಾಯಿತು. ಇಷ್ಟಾದ ಮೇಲೂ ಮಾಲಕರು ಅಳಿಯನ ಮೇಲೆ ಸಿಟ್ಟಾಗಲಿಲ್ಲ. ನಾನು ಬಿಚ್ಚಿದ್ದರಿಂದ ವಾರಂಟಿ ಹೋಯಿತು ಎಂದು ಗೊಣಗಿದರು.

ಇಷ್ಟು ಹೊತ್ತೂ ಬಾಗಿಲ ಹತ್ತಿರದ ಬೆಂಚಿನ ಮೇಲೆ ಒಬ್ಬಾಕೆ ಕುಂತಿದ್ದಳು. ಹಿರೇಬೆಂಡಿಗೇರಿಯವಳು, ಕೂಲಿ ಮಾಡುವವಳು, ನಮ್ಮ ಅವ್ವನ ವಯಸ್ಸಿನವಳು. ಸೆರಗಿನ ತುದಿಯಲ್ಲಿ ಗಂಡನ ಆಧಾರ್ ಕಾರ್ಡು ಸುತ್ತಿಕೊಂಡಿದ್ದಳು. ಗಂಡ ಆ ಮಳೆಗಾಲದಲ್ಲಿ ತೀರಿಕೊಂಡಿದ್ದ. ದೀಪಾವಳಿಗೆ ಹಿರಿಯರ ಪೂಜೆಗೆ ಇಡಲು ಅವನದೊಂದು ಫೋಟೋ ಬೇಕು. ಮಗಳ ಲಗ್ನದ ಫೋಟೋ ತೆಗೆದವರು ಇದೇ ಮಾಲಕರು. ಆ ಆಲ್ಬಮ್ ಮಗಳ ಮನೆಯಲ್ಲಿತ್ತು. ಮಳೆಗೆ ಗೋಡೆ ಬಿದ್ದು ಮಣ್ಣಾಯಿತು. ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಫೋಟೋ ಇಲ್ಲ. ಅಂದರೆ ಆ ಮನುಷ್ಯನ ಮುಖ ಭೂಮಿಯ ಮೇಲೆ ಉಳಿದದ್ದು ಎರಡು ಕಡೆ: ಒಂದು ಆ ಕಾರ್ಡಿನಲ್ಲಿ, ಇನ್ನೊಂದು ಹಲ್ಲು ಕಡಿಯುವ ಈ ಡಿಸ್ಕಿನಲ್ಲಿ.

ನಮ್ಮ ಕಡೆ ಸತ್ತವರ ಫೋಟೋ ಹೀಗೆಯೇ ಹುಟ್ಟುತ್ತದೆ. ಬದುಕಿದ್ದಾಗ ಒಬ್ಬರೇ ನಿಂತು ತೆಗೆಸಿಕೊಂಡವರು ಕಡಿಮೆ. ಯಾರದೋ ಲಗ್ನದ ಗುಂಪಿನಿಂದ ಮುಖವನ್ನಷ್ಟೇ ಕತ್ತರಿಸಿ, ಯಾರದೋ ಕೋಟು ತೊಡಿಸಿ, ಹಿಂದೆ ನೀಲಿ ಬಣ್ಣ ಬಳಿದು ಚೌಕಟ್ಟು ಹಾಕುತ್ತಾರೆ. ಎಷ್ಟೋ ಮನೆಗಳ ಗೋಡೆಯ ಮೇಲೆ ಒಂದೇ ಕೋಟು ನೋಡಿದ್ದೇನೆ.

ಕಾರ್ಡಿನ ಫೋಟೋನೇ ದೊಡ್ಡದು ಮಾಡಿಕೊಡುತ್ತೇನೆ ಎಂದು ಮಾಲಕರು ಆಕೆಗೆ ಹೇಳಿದ್ದರಂತೆ. ಆಕೆ ಒಪ್ಪಿರಲಿಲ್ಲ. ಕಾರ್ಡನ್ನು ಬಿಚ್ಚಿ ನನಗೆ ತೋರಿಸಿದಳು.

“ನೋಡ ಯವ್ವಾ. ಇದರಾಗ ಕಳ್ಳನ್ನ ಹಿಡಿದು ತಂದಂಗ ಕಾಣ್ತಾನ. ಅಂವ ಕಳ್ಳ ಅಲ್ಲ. ಮಗಳ ಲಗ್ನದಾಗ ಒಂದು ಫೋಟೋದಾಗ ನಕ್ಕಾನ. ಅದೊಂದು ಸಿಕ್ಕರ ಸಾಕು.”

ಡಿಸ್ಕಿನಲ್ಲಿ ಇದ್ದರೆ ತೆಗೆದುಕೊಡುತ್ತೇನೆ ಎಂದೆ. ಮಾಲಕರು ಆಕೆಯನ್ನು ಹಬ್ಬ ಆದ ಮೇಲೆ ಬಾ ಎಂದು ಕಳಿಸಿದರು. ಹೀಗೆ ಕಳಿಸಿದ್ದು ಮೊದಲನೆಯ ಸಲವಲ್ಲ ಎಂಬುದು ಆಕೆ ಚಪ್ಪಲಿ ಮೆಟ್ಟಿದ ರೀತಿಯಲ್ಲೇ ತಿಳಿಯುತ್ತಿತ್ತು.

ಡಿ ಡ್ರೈವು ತೆರೆದು ಫೋಲ್ಡರುಗಳ ಹೆಸರು ಓದಿದೆ. ಗೌಡರ ಮನಿ ಲಗ್ನ, ಹಾನಗಲ್ಲ. ಸಾವ್ಕಾರರ ಮನಿ ಕುಬಸ, ಹಿರೇಕೆರೂರು. ಅಧ್ಯಕ್ಷರ ಹುಟ್ಟುಹಬ್ಬ, ಅದರಲ್ಲೇ ಸನ್ಮಾನ, ಅದರಲ್ಲೇ ಸನ್ಮಾನ ಹೊಸದು. ಅಳಿಯಂದಿರ ಹೊಸ ಕಾರಿಗೂ ಒಂದು ಫೋಲ್ಡರು. ಎಲ್ಲದರ ಕೊನೆಗೆ ‘ಇತರೆ’.

ಇದೇನೆಂದು ಕೇಳಿದೆ. “ಅವು ಸಣ್ಣ ಮಂದಿವು,” ಎಂದರು ಮಾಲಕರು. “ಎಲ್ಲಾ ಒಂದರಾಗ ಹಾಕಿ ಬಿಡ್ತೇನಿ. ಅವರು ಮತ್ತ ಕೇಳಾಕ ಎಲ್ಲಿ ಬರ್ತಾರ?”

ಒಳಗೆ ಹೋದೆ. ಯಾವ ಊರು, ಯಾರ ಲಗ್ನ, ಏನೂ ಇಲ್ಲ. ಕ್ಯಾಮೆರಾ ಕೊಟ್ಟ ಅಂಕಿಗಳು, ಒಂದರ ಹಿಂದೊಂದು. ಎಲ್ಲೋ ಒಂದೊಂದಕ್ಕೆ ಗುರುತಿಗೆಂದು ಹೆಸರು ಹಚ್ಚಿದ್ದರು. ಹಾಗೆ ಹೆಸರು ಹಚ್ಚಿದ್ದರಲ್ಲಿ ಒಂದು: ‘ಕರೀ ಕೋಟು ಹುಡುಗಿ’. ಅದು ನಾನು. ಗೌನಿಗೂ ಕೋಟಿಗೂ ವ್ಯತ್ಯಾಸ ತಿಳಿಯದವರು ಖರೇನ ಪಾಸಾಗ್ಯಾಳೋ ಎಂದು ಕೇಳಿದ್ದರು.

ಆ ಲಗ್ನವನ್ನು ಹುಡುಕಲು ಸಣ್ಣ ಚಿತ್ರಗಳನ್ನು ತೆರೆಸುವಷ್ಟರಲ್ಲಿ ಡಿಸ್ಕು ಮತ್ತೆ ಟಕ್ ಟಕ್ ಅಂದು ಪರದೆ ನಿಂತಿತು. ಕೂಡಲೇ ಬಂದ್ ಮಾಡಿದೆ. ಸಾಯುವ ಡಿಸ್ಕಿನಲ್ಲಿ ಹುಡುಕಾಡಬಾರದು. ಒಂದೊಂದು ಸಲ ನೋಡಿದಾಗಲೂ ಅದರ ಆಯುಷ್ಯದ ಒಂದು ತುತ್ತು ಖರ್ಚಾಗುತ್ತದೆ. ಮೊದಲು ಇದ್ದದ್ದನ್ನೆಲ್ಲ ಹಾಗೆಯೇ ಹೊಸ ಡಿಸ್ಕಿಗೆ ಇಳಿಸಿಕೊಂಡು, ಹುಡುಕುವುದನ್ನು ಅಲ್ಲಿ ಮಾಡಬೇಕು.

ಹುಬ್ಬಳ್ಳಿಯಿಂದ ಒಳ್ಳೆಯ ಡಿಸ್ಕುಗಳನ್ನು ನಾನೇ ತಂದೆ. ಯಂತ್ರವನ್ನು ಸವಣೂರಿಗೆ ಒಯ್ದು, ಕರೆಂಟು ಹೋದರೂ ನಡೆಯುವ ನನ್ನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ ಎಂದರೆ ಮಾಲಕರು ಬಿಲ್ಕುಲ್ ಒಪ್ಪಲಿಲ್ಲ. ಮರುದಿನ ಮಹಾನವಮಿ. ಖಂಡೆ ಪೂಜೆಯ ಹೊತ್ತಿಗೆ ದುಡಿಯುವ ಆಯುಧ ಮನೆ ಬಿಟ್ಟು ಹೋಗಬಾರದಂತೆ. ಸರಿ, ಅಲ್ಲಿಯೇ ಶುರು ಮಾಡಿದೆ. ಹಳೆಯ ಡಿಸ್ಕನ್ನು ಕಂಪ್ಯೂಟರಿನ ಕ್ಯಾಬಿನೆಟ್ಟಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ರಬ್ಬರ್ ಹಾಸಿ ಮಲಗಿಸಿದೆ. ಪಕ್ಕಕ್ಕೆ ಹೊಸದು. ಎರಡಕ್ಕೂ ಕೇಬಲ್ಲು. ವಿಂಡೋಸಿನ ಬದಲು ಪೆನ್ ಡ್ರೈವಿನಿಂದ ಲಿನಕ್ಸ್ ಏರಿಸಿ, ಡಿಸ್ಕಿನ ಮೊದಲ ಜಾಗದಿಂದ ಕೊನೆಯ ಜಾಗದವರೆಗೆ ಒಂದೊಂದಾಗಿ ನಕಲು ಮಾಡುವ ತಂತ್ರಾಂಶ ಓಡಿಸಿದೆ. ಅದಕ್ಕೆ ಫೈಲು, ಫೋಲ್ಡರು, ಗೌಡರು, ಕೂಲಿಯವರು ಯಾವುದೂ ತಿಳಿಯುವುದಿಲ್ಲ. ಬಂದದ್ದನ್ನು ಬಂದಂತೆ ಎತ್ತಿಡುತ್ತದೆ. ಕೆಟ್ಟ ಜಾಗ ಬಂದರೆ ಗುರುತು ಹಾಕಿ ಮುಂದೆ ಜಿಗಿಯುತ್ತದೆ. ಡಿಸ್ಕು ಕಾಯಬಾರದೆಂದು ಟೇಬಲ್ ಫ್ಯಾನನ್ನು ಅದರ ಕಡೆಗೆ ತಿರುಗಿಸಿದೆ.

ನಾಳೆ ಮಧ್ಯಾಹ್ನದತನಕ ಆಗಬಹುದು, ಯಾರೂ ಬಂದ್ ಮಾಡಬಾರದು, ಡಿಸ್ಕು ಒಮ್ಮೆ ನಿಂತರೆ ಮತ್ತೆ ಏಳುತ್ತದೆ ಎಂದು ಹೇಳಲಾಗದು ಎಂದೆ. ಮಾಲಕರು ತಲೆ ಅಲ್ಲಾಡಿಸಿದರು. ನನಗೆ ಆ ತಲೆಯ ಮೇಲೆ ನಂಬಿಕೆ ಇರಲಿಲ್ಲ. ಒಂದು ಹಾಳೆಯ ಮೇಲೆ ‘ನಡೆದಿದೆ, ಮುಟ್ಟಬೇಡಿ’ ಎಂದು ದೊಡ್ಡದಾಗಿ ಬರೆದು ಮಾನಿಟರಿಗೆ ಅಂಟಿಸಿ ಸಂಜೆಯ ಬಸ್ಸಿಗೆ ಸವಣೂರಿಗೆ ಹೋದೆ.

ಮುಂಜಾನೆ ಬಂದು ನೋಡಿದರೆ ಪೂಜೆ ಮುಗಿದಿತ್ತು. ಕ್ಯಾಮೆರಾಗಳು, ಟ್ರೈಪಾಡು, ಲೈಟಿನ ಕೊಡೆ, ಡ್ರೋನು ಎಲ್ಲ ಕಂಬಳಿಯ ಮೇಲೆ ಸಾಲಾಗಿ ಕೂತಿದ್ದವು, ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವು. ಕ್ಯಾಬಿನೆಟ್ಟಿಗೆ ಮೂರು ಬೆರಳು ವಿಭೂತಿ. ನಡುವೆ ಹಿತ್ತಾಳೆ ತಾಟಿನಲ್ಲಿ ಎರಡು ಹಾರ್ಡ್ ಡಿಸ್ಕು, ಹಳೆಯದೂ ಹೊಸದೂ, ಅವ್ವ-ಮಗಳಂತೆ ಒಂದರ ಪಕ್ಕ ಒಂದು. ಕೇಬಲ್ಲು ಕಿತ್ತು, ಹಸಿ ಅರಿವೆಯಿಂದ ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಮೇಲೆ ನಾಲ್ಕು ಕಾಳು ಅಕ್ಷತೆ. ಹಳೆಯದನ್ನು ಮಗ್ಗಲು ಬದಲಿಸಿ, ಸರ್ಕ್ಯೂಟು ಇರುವ ಹಸಿರು ಮೈಯನ್ನೇ ಮೇಲೆ ಮಾಡಿ ಅದಕ್ಕೇ ಅರಿಷಿಣ ಹಚ್ಚಿದ್ದರು. ಚಂದ ಕಂಡಿರಬೇಕು. ‘ಮುಟ್ಟಬೇಡಿ’ ಎಂದು ನಾನು ಬರೆದ ಹಾಳೆಗೂ ಒಂದು ಕುಂಕುಮ ಇಟ್ಟಿದ್ದರು.

ಯಾಕೆ ಬಂದ್ ಮಾಡಿದಿರಿ ಎಂದು ಕೇಳಿದೆ. ಮಾಲಕರು ತಿಳಿಯದವಳಿಗೆ ತಿಳಿಸುವ ದನಿಯಲ್ಲಿ ಹೇಳಿದರು:

“ನಡಿಯೂ ಆಯುಧಕ್ಕ ಯಾರರೆ ಪೂಜಿ ಮಾಡ್ತಾರೇನ ತಂಗಿ? ಅದನ್ನ ಇಳಿಸಿ ಕೂಡಿಸಬೇಕು. ನಿಮ್ಮ ಮನ್ಯಾಗ ಮಾಡಂಗಿಲ್ಲೇನು?”

ಮಾಡುತ್ತಿದ್ದೆವು. ಪೂಜೆಯ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಪ್ಪ ಸವಣೂರಿನಲ್ಲಿ ಹಮಾಲಿ. ಚೀಲ ಎತ್ತುವ ಕೊಕ್ಕೆಯನ್ನು ಹಿಂದಿನ ದಿನವೇ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ ಪೂಜೆಗೆ ಇಡುತ್ತಿದ್ದ. ಚೀಲಕ್ಕೆ ಚುಚ್ಚಿ ಹೆಗಲಿಗೆ ಎತ್ತುತ್ತಿರುವಾಗ ಕೊಕ್ಕೆ ಕಿತ್ತು ತಂದು ಕುಂಕುಮ ಹಚ್ಚುತ್ತಿರಲಿಲ್ಲ. ತನ್ನ ಆಯುಧ ಏನು ಮಾಡುತ್ತದೆ ಎಂದು ಗೊತ್ತಿದ್ದವನ ಪೂಜೆ ಒಂದು ತೆರ, ಗೊತ್ತಿಲ್ಲದವನದು ಒಂದು ತೆರ.

ಈಗಲೇ ಮತ್ತೆ ಹಚ್ಚಿ ನೋಡುತ್ತೇನೆ ಎಂದರೆ ಅದಕ್ಕೂ ಅಡ್ಡ. ದಶಮಿಯ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವತನಕ ಆಯುಧ ಹಿಡಿಯಬಾರದು. ವಾದಿಸಿ ಪ್ರಯೋಜನವಿರಲಿಲ್ಲ, ಡಿಸ್ಕು ಅವರದು, ತಾಟು ಅವರದು, ದೇವರೂ ಅವರದೇ ಎಂಬಂತೆ ನಿಂತಿದ್ದರು. ಹಸಿ ಇರುವಾಗ ಕರೆಂಟು ಕೊಡುವುದೂ ತಪ್ಪೇ. ತಾಟನ್ನು ಗಾಳಿ ಬರುವ ಕಿಟಕಿಯ ಕಡೆ ಸರಿಸುತ್ತೇನೆ, ಅಷ್ಟು ಮಾಡಬಹುದೇ ಎಂದು ಕೇಳಿದೆ. ತಾಟು ಸರಿಸಲು ಅಡ್ಡಿಯಿಲ್ಲ ಎಂದರು.

ಹಬ್ಬದ ಮರುದಿನ ಹೋದಾಗ ಮಾಲಕರು ನನ್ನ ಕೈಗೆ ಬನ್ನಿ ಎಲೆ ಹಾಕಿ ಬಂಗಾರದಂಗ ಇರೋಣ ಎಂದರು. ನಾನೂ ಹಾಗೆಯೇ ಅಂದೆ. ಆಮೇಲೆ ಹಳೆಯ ಡಿಸ್ಕನ್ನು ಕೈಗೆತ್ತಿಕೊಂಡು, ಮೆತ್ತನೆಯ ಬ್ರಶ್ಶಿಗೆ ಸರ್ಕ್ಯೂಟು ತೊಳೆಯುವ ಸ್ಪಿರಿಟ್ಟು ಹಚ್ಚಿ, ಒಣಗಿದ ಅರಿಷಿಣವನ್ನು ಚಿಪ್ಪುಗಳ ಕಾಲುಕಾಲುಗಳ ಸಂದಿಯಿಂದ ತೆಗೆದೆ. ಕೇಬಲ್ಲು ಕೂಡುವ ಬಂಗಾರದ ಹಲ್ಲುಗಳ ನಡುವೆ ಒಂದು ಅಕ್ಕಿಯ ನುಚ್ಚು ಸಿಕ್ಕಿಕೊಂಡಿತ್ತು. ಅದನ್ನು ಸೂಜಿಯಿಂದ ಎಬ್ಬಿಸಿದೆ. ಇದನ್ನೆಲ್ಲ ಮಾಲಕರು ನೋಡುತ್ತ ಕುಂತಿದ್ದರು. ಅವರ ಮುಖದಲ್ಲಿ ಪಶ್ಚಾತ್ತಾಪ ಇರಲಿಲ್ಲ. ನಾನು ಪ್ರಸಾದ ಒರೆಸುತ್ತಿದ್ದೇನೆ ಎಂಬ ಬೇಸರ ಇತ್ತು.

ಕರೆಂಟು ಕೊಟ್ಟೆ. ತಿರುಗಲು ಶುರುವಾಗಿ, ಟಕ್, ಟಕ್, ಟಕ್ ಅಂದು ನಿಂತುಬಿಟ್ಟಿತು. ಬಿಚ್ಚಿದೆ, ಆರಲು ಬಿಟ್ಟೆ. ಮತ್ತೆ ಕೊಟ್ಟೆ, ಮತ್ತೆ ಅದೇ. ಬೇರೆ ಕೇಬಲ್ಲು, ಬೇರೆ ಪವರ್ ಸಪ್ಲೈ. ಕೆಲವರು ಇಂಥ ಹೊತ್ತಿನಲ್ಲಿ ಡಿಸ್ಕನ್ನು ತಟ್ಟುತ್ತಾರೆ, ಫ್ರಿಜ್ಜಿನಲ್ಲಿ ಇಡುತ್ತಾರೆ, ಮುಚ್ಚಳ ತೆರೆದು ಬೆರಳಾಡಿಸುತ್ತಾರೆ. ನಾನು ಸುಮ್ಮನೆ ಕಾಯ್ದೆ. ಅದನ್ನು ನಿಲ್ಲಿಸಿ, ಅಂದರೆ ಮಲಗಿಸದೆ ಪಕ್ಕೆಯ ಮೇಲೆ ನಿಲ್ಲಿಸಿ, ಮತ್ತೊಮ್ಮೆ ಕೊಟ್ಟಾಗ ತಿರುಗಿತು. ಪರದೆಯ ಮೇಲೆ ಅದರ ಹೆಸರು ಬಂತು.

ಮೊದಲು ಹೊಸ ಡಿಸ್ಕಿನಲ್ಲಿ ಅಂದು ಎಷ್ಟು ಇಳಿದಿತ್ತು ಎಂದು ನೋಡಿದೆ. ವಿಂಡೋಸಿನ ಭಾಗ ಪೂರ್ತಿ ಬಂದಿತ್ತು. ಡಿ ಡ್ರೈವಿನ ಆರಂಭದ ತುಣುಕು ಬಂದಿತ್ತು, ರಾತ್ರಿಯೇ ಕೇಬಲ್ಲು ಕಿತ್ತಿದ್ದರು ಎಂದು ಅದರಿಂದಲೇ ತಿಳಿಯಿತು. ಫೋಲ್ಡರುಗಳ ಪಟ್ಟಿ ಇರುವುದು ಆ ಆರಂಭದಲ್ಲಿಯೇ. ಹಾಗಾಗಿ ಗೌಡರು, ಸಾವ್ಕಾರರು, ಅಧ್ಯಕ್ಷರು, ಇತರೆ ಎಲ್ಲ ಹೆಸರುಗಳೂ ಹೊಸ ಡಿಸ್ಕಿನಲ್ಲಿ ಕಾಣುತ್ತಿದ್ದವು. ಯಾವುದನ್ನು ತೆರೆದರೂ ಬೂದು. ಹೆಸರು ಬಂದಿದ್ದವು, ಮುಖ ಬಂದಿರಲಿಲ್ಲ.

ಮಾಲಕರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಈ ಡಿಸ್ಕು ಇನ್ನೊಂದೇ ಸಲ ಓಡಬಹುದು. ನಡುವೆ ಎಲ್ಲಿ ನಿಲ್ಲುತ್ತದೋ ತಿಳಿಯದು. ಪೂರ್ತಿ ನಕಲು ಮುಗಿಯುವತನಕ ಅದು ಬದುಕುವುದಿಲ್ಲ. ಇನ್ನು ಆರಿಸಿ ಆರಿಸಿ ತೆಗೆಯಬೇಕು. ಯಾವುದು ಮೊದಲು ಎಂಬುದೇ ಪ್ರಶ್ನೆ.

ಅವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. “ಗೌಡ್ರ ಮನಿದು ಮೊದಲ ತಗಿ. ಅವರ ವಿಡಿಯೋ ಇನ್ನ ಕೊಟ್ಟಿಲ್ಲ. ಆಮ್ಯಾಲ ಅಧ್ಯಕ್ಷರದು.”

ಹಿರೇಬೆಂಡಿಗೇರಿಯಾಕೆಯ ಫೋಟೋ, ಎಂದೆ.

“ಅಕಿದೇನು ಅವಸರ? ಸತ್ತಾಂವ ಎಲ್ಲಿ ಹೊಕ್ಕಾನ?”

ಇಂಥ ಮಾತನ್ನು ಆತ ಜೋಕು ಎಂದು ಆಡಿದ. ಹೌದು, ಈ ವಾಕ್ಯದಲ್ಲಿ ‘ಆತ’ ಎಂದೇ ಬರೆಯುತ್ತೇನೆ. ಮುಂದಿನದರಲ್ಲಿ ಮತ್ತೆ ಮಾಲಕರು ಎನ್ನುತ್ತೇನೆ, ನನ್ನ ನಾಲಿಗೆಯ ಸಂಸ್ಕಾರಕ್ಕಾಗಿ.

ನಾನು ಲೆಕ್ಕ ಹಾಕಿದೆ. ಗೌಡರ ಲಗ್ನವೆಂದರೆ ಉದ್ದುದ್ದ ವಿಡಿಯೋಗಳು. ಒಂದೊಂದು ಫೈಲೂ ಡಿಸ್ಕಿನ ಉದ್ದಗಲಕ್ಕೆ ಹರಡಿಕೊಂಡಿರುತ್ತದೆ. ನಡುವೆ ಒಂದು ಕೆಟ್ಟ ಜಾಗ ಸಿಕ್ಕರೆ ಓದುವ ಮುಳ್ಳು ಅಲ್ಲಿಯೇ ತಿಣುಕುತ್ತ ಉಳಿದ ಆಯುಷ್ಯವನ್ನೂ ಕಳೆಯುತ್ತದೆ. ‘ಇತರೆ’ಯಲ್ಲಿರುವುದು ಬರೀ ಫೋಟೋ, ಸಣ್ಣ ಸಣ್ಣ ಫೈಲು. ಒಂದು ಕೆಟ್ಟಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಬಹುದು. ಸಾಯುವ ಡಿಸ್ಕಿನಿಂದ ಸಣ್ಣದನ್ನು ಮೊದಲು ತೆಗೆ, ದೊಡ್ಡದನ್ನು ಕೊನೆಗೆ: ಇದು ಈ ಕೆಲಸ ಬಲ್ಲ ಯಾರಾದರೂ ಒಪ್ಪುವ ಮಾತು. ಯಾರ ಮುಂದೆ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತೇನೆ. ಆದರೆ ಲೆಕ್ಕ ಉಲ್ಟಾ ಬಂದಿದ್ದರೂ ನಾನು ಮಾಡುತ್ತಿದ್ದುದು ಅದನ್ನೇ. ಇದನ್ನೂ ಹೇಳಿಬಿಡುವುದು ಒಳ್ಳೆಯದು.

“ಮಾಲಕ್ರ, ನಾ ಮೊದಲ ‘ಇತರೆ’ ತಗೀತೇನ್ರಿ,” ಎಂದೆ.

“ಅದ್ಯಾವ ಬ್ಯಾಳಿ ಬೇಯಾಕ? ನಾ ಹೇಳಿದ್ದು ಕೇಳು.”

“ಸಣ್ಣವು ಮೊದಲ ತಗದ್ರ ಅವಷ್ಟರೆ ಉಳೀತಾವು. ದೊಡ್ಡವು ಮೊದಲ ಹಿಡಿದ್ರ ಎರಡೂ ಹೊಕ್ಕಾವು. ಬ್ಯಾಡಂದ್ರ ಹೇಳ್ರಿ, ವಯರ್ ಕಿತ್ತು ನಿಮ್ಮ ಕೈಯಾಗ ಕೊಡ್ತೇನಿ. ಅಳಿಯಾರನ್ನ ಕರಸ್ರಿ. ಅವರು ನಟ್ ಹಾಕಿ ಕೂಡಿಸಿ ಕೊಡ್ತಾರ.”

ಊರ ಕೋಟೆಯ ಕಡೆಯಿಂದ ನವಿಲೊಂದು ಕೂಗಿತು. ಮಾಲಕರು ನನ್ನ ಕೈಯ ಕಡೆ ನೋಡಿದರು. ನನ್ನ ಬೆರಳು ವಯರಿನ ಮೇಲೇ ಇತ್ತು. ಆಮೇಲೆ ಅವರು ಬೆಂಚಿನ ಮೇಲೆ, ಆಕೆ ಕುಂತಿದ್ದ ಜಾಗದಲ್ಲಿಯೇ ಹೋಗಿ ಕುಂತು, ಏನರೆ ಮಾಡ್ಕೋ ಎಂದರು.

ಹಳೆಯ ಡಿಸ್ಕಿಗೆ ಏನೂ ಬರೆಯದಂತೆ, ಬರೀ ಓದುವಂತೆ ಕಟ್ಟುಹಾಕಿ ತೆರೆದೆ. ‘ಇತರೆ’ಯ ಪಟ್ಟಿಯನ್ನು ತಂತ್ರಾಂಶಕ್ಕೆ ಕೊಟ್ಟು, ಯಾವ ಫೈಲು ಕೂಡಲೇ ಉತ್ತರ ಕೊಡುವುದಿಲ್ಲವೋ ಅದನ್ನು ಬಿಟ್ಟು ಮುಂದೆ ನಡಿ ಎಂದು ಹೇಳಿದೆ. ಸಾಲುಗಳು ಮೇಲೇರತೊಡಗಿದವು. ಕೆಲವು ಕಡೆ ಟಕ್ ಎಂದು ನಿಂತು, ಬಿಟ್ಟು, ಮುಂದೆ ಹೋಗುತ್ತಿತ್ತು. ಫ್ಯಾನು ಡಿಸ್ಕಿನ ಕಡೆ, ನನ್ನ ಅಂಗೈ ಡಿಸ್ಕಿನ ಮೇಲೆ. ಜ್ವರ ಏರಿದಂತೆ ಅನಿಸಿದಾಗ ಸ್ವಲ್ಪ ತಡೆಯುತ್ತಿದ್ದೆ, ಆದರೆ ತಿರುಗುವುದನ್ನು ನಿಲ್ಲಿಸುತ್ತಿರಲಿಲ್ಲ. ‘ಕರೀ ಕೋಟು ಹುಡುಗಿ’ ದಾಟಿ ಹೋದಳು. ಪಟ್ಟಿಯ ಕೊನೆ ಬಂತು. ಬಿಟ್ಟವುಗಳಿಗೆ ಇನ್ನೊಂದು ಸುತ್ತು ಹಾಕಿದೆ. ಅವೂ ಬಹುತೇಕ ಬಂದವು. ಅಲ್ಲಿಂದಿಲ್ಲಿ ಒಂದೊಂದು ತೆರೆದು ನೋಡಿದೆ. ಮುಖಗಳಿದ್ದವು. ಎಲ್ಲವನ್ನೂ ಎರಡನೆಯ ಹೊಸ ಡಿಸ್ಕಿಗೂ ಇಳಿಸಿದ ಮೇಲೆಯೇ ಗೌಡರ ಮನೆಯ ಫೋಲ್ಡರಿಗೆ ಹೊರಟೆ.

ಗೌಡರ ಲಗ್ನದಲ್ಲಿ ಅರಿಷಿಣ ಹಚ್ಚುವತನಕದ ಫೋಟೋಗಳು ಸಿಕ್ಕವು. ವಿಡಿಯೋ ಹಿಡಿದದ್ದೇ ತಡ, ತಗಡಿನ ಮೇಲೆ ಮೊಳೆ ಎಳೆದಂಥ ಸಪ್ಪಳ. ಕೂಡಲೇ ಕರೆಂಟು ತೆಗೆದೆ. ಆಮೇಲೆ ಅದು ತಿರುಗಲಿಲ್ಲ. ದೊಡ್ಡ ಊರಲ್ಲಿ ಡಿಸ್ಕನ್ನು ಬಿಚ್ಚಿ ತೆಗೆಯುವ ಪ್ರಯೋಗಾಲಯಗಳಿವೆ, ಯಾರೂ ಇನ್ನು ಕರೆಂಟು ಕೊಡಬೇಡಿ, ಇದ್ದಂತೆ ಕಳಿಸಿ, ಅಲ್ಲಿ ಸಿಕ್ಕರೂ ಸಿಗಬಹುದು ಎಂದು ಮಾಲಕರಿಗೆ ವಿವರವಾಗಿ ಹೇಳಿದೆ. ಅವರು ಆಗಲೇ ಗೌಡರಿಗೆ ಫೋನು ಹಚ್ಚಿ, ರಿಪೇರಿಗೆ ಬಂದವಳು ಕೆಡಿಸಿಟ್ಟಳು ಎನ್ನುತ್ತಿದ್ದರು. ಆ ಕಡೆ ಗೌಡರು ಏನಂದರೋ, ಮಾಲಕರು ಫೋನು ಕೆಳಗಿಟ್ಟು ನನ್ನನ್ನು ಕೇಳಿದರು:

“ಹಂಗಾರ ಉಳಿದದ್ದರೆ ಏನು?”

“ಇತರೆ ಉಳೀತ್ರಿ,” ಎಂದೆ.

ಹಿರೇಬೆಂಡಿಗೇರಿಯಾಕೆ ಹಬ್ಬ ಆದ ಮೇಲೆ ಬಾ ಎಂದದ್ದನ್ನು ನಂಬಿ ಮತ್ತೆ ಬಂದಳು. ಆ ದಿನ ನಾನೂ ಅಲ್ಲಿಯೇ ಇದ್ದೆ, ಹೊಸ ಎಸ್‌ಎಸ್‌ಡಿಯಲ್ಲಿ ವಿಂಡೋಸು ಸರಿ ಮಾಡುತ್ತ. ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿ, ಮಗಳ ಲಗ್ನ ಯಾವ ಬೇಸಿಗೆಯದು ಎಂದು ಕೇಳಿ, ಆ ದಿನಗಳ ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ಬೇರೆಯವರ ಲಗ್ನಗಳು ಬಂದಾಗ ಆಕೆ ಮೆಲ್ಲಗೆ ಅಲ್ಲ, ಅಲ್ಲ ಎನ್ನುತ್ತಿದ್ದಳು. ಒಂದರ ಹತ್ತಿರ ಮುಂದಕ್ಕೆ ಬಾಗಿದಳು. ಬೆರಳನ್ನು ಪರದೆಗೆ ತಾಗಿಸಿ ಹಿಡಿದಳು.

ಪಂಕ್ತಿಯ ಊಟ. ಮುಂದೆ ಕುಂತವರೆಲ್ಲ ಕ್ಯಾಮೆರಾ ಕಡೆ ಮೋರೆ ಮಾಡಿದ್ದಾರೆ. ಹಿಂದೆ ಸಾರಿನ ಬಕೀಟು ಹಿಡಿದು, ತಲೆಗೆ ಟಾವೆಲ್ ಸುತ್ತಿ, ಯಾರೋ ಅಂದ ಮಾತಿಗೆ ಬಾಯಿತುಂಬ ನಗುತ್ತ ಒಬ್ಬ ನಿಂತಿದ್ದಾನೆ. ಕಾರ್ಡಿನ ಮನುಷ್ಯನಿಗೂ ಇವನಿಗೂ ಸಂಬಂಧವೇ ಇರಲಿಲ್ಲ.

ಮಾಲಕರು ಬಂದು ಬಗ್ಗಿ ನೋಡಿದರು. ಬೆರಗೇನೂ ಇಲ್ಲ. ಚಾಳಿಯಂತೆ, ಮುಖ ಕತ್ತರಿಸಿ ಒಂದು ಚಲೋ ಕೋಟು ಹಾಕೋಣ ಎಂದರು.

“ಕೋಟು ಬ್ಯಾಡ್ರಿ,” ಎಂದಳು ಆಕೆ. “ಟಾವೆಲ್ ಇರಲಿ. ಬಕೀಟೂ ಇರಲಿ.”

ಅವರದೇ ಪ್ರಿಂಟರಿನಲ್ಲಿ ನಾನೇ ಮುದ್ರಿಸಿದೆ. ಹಾಳೆ ಹೊರಗೆ ಬರುವಾಗ ಮೊದಲು ಟಾವೆಲ್, ಆಮೇಲೆ ಹಣೆ, ಆಮೇಲೆ ಹಲ್ಲು ಕಂಡವು. ಆಕೆ ಅದನ್ನು ಮುಟ್ಟಲಿಲ್ಲ, ಹಸಿ ಇರಬಹುದು ಎಂದು. ಒಣಗಿದೆ ಎಂದು ಹೇಳಿದ ಮೇಲೂ ಸೆರಗಿನಿಂದ ಹಿಡಿದುಕೊಂಡಳು. ಹಸಿ, ಒಣ ಎಂಬ ವ್ಯತ್ಯಾಸದ ಅರಿವು ಆ ಕೋಣೆಯಲ್ಲಿ ನಾನು ಕಂಡದ್ದು ಅದೇ ಮೊದಲು.

ಹೋಗುವ ಮುಂಚೆ ಆಕೆ ಕೇಳಿದಳು, ಇನ್ನು ಮೇಲೆ ಇದು ಮಷೀನಿನಲ್ಲಿ ಎಲ್ಲಿರುತ್ತದೆ, ಮತ್ತೆ ಗೋಡೆ ಬಿದ್ದರೆ ಯಾರನ್ನು ಏನೆಂದು ಕೇಳಬೇಕು. ಗಂಡನ ಪೂರ್ತಿ ಹೆಸರು ಹೇಳಿ ಎಂದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಹೇಳಿದಳು. ಹೊಸ ಡಿಸ್ಕಿನಲ್ಲಿ ಅದನ್ನೆಲ್ಲ ಬರೆದು, ಮುಂದೆ ಊರಿನ ಹೆಸರು ಬರೆದು ಫೋಲ್ಡರು ಮಾಡಿದೆ. ಆ ಲಗ್ನದ ಫೋಟೋಗಳನ್ನೆಲ್ಲ ಅದಕ್ಕೆ ಸರಿಸಿದೆ. ಇಲ್ಲಿ ಇರುತ್ತದೆ, ಅವರ ಹೆಸರಿನಲ್ಲಿಯೇ, ಎಂದು ತೋರಿಸಿದೆ.

ಆಕೆಗೆ ಓದು ಬಾರದು. ನನ್ನ ಮಾತಿನ ಮೇಲೆ ನಂಬಿಕೆ ಇತ್ತು, ಆದರೆ ಮಷೀನು ನನ್ನದಲ್ಲ ಎಂಬ ತಿಳಿವಳಿಕೆಯೂ ಇತ್ತು. ತಿರುಗಿ ಮಾಲಕರನ್ನು ಕರೆದಳು.

“ಮಾಲಕ್ರ, ಇಲ್ಲೇನು ಬರದೈತಿ, ನೀವು ಒಂದೀಟು ಓದ್ರಿ. ನಿಮಗೂ ಗುರ್ತ ಇರಲಿ.”

ಮಾಲಕರು ನನ್ನ ಕಡೆ ನೋಡಿದರು. ನಾನು ಕುರ್ಚಿ ಸರಿಸಿ ಅವರಿಗೆ ದಾರಿ ಬಿಟ್ಟೆ. ಕನ್ನಡಕ ಏರಿಸಿ, ಪರದೆಗೆ ಬಗ್ಗಿ, ಮೆಲ್ಲಗೆ ಓದಿದರು. ಕೇಳಲಿಲ್ರಿ ಎಂದಳು ಆಕೆ. ಅವರು ಇನ್ನೊಮ್ಮೆ ಓದಿದರು, ಗಟ್ಟಿಯಾಗಿ: ಊರು, ಹೆಸರು, ತಂದೆಯ ಹೆಸರು, ಅಡ್ಡಹೆಸರು, ಪೂರ್ತಿ.